ಶೋಧನೆ ಮತ್ತು ಶಂಕೆ



ನಮ್ಮ ಮಠದ ಪ್ರಸಾದ ನಿಲಯದಲ್ಲಿ ಉಂಡು, ವಿದ್ಯೆ ಕಲಿತು, ಇಂದು ಕಡಲಾಚೆಯ ನಾಡುಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ಜಾತ್ರೆಗೋ ಪುಣ್ಯಸ್ಮರಣೆಗೋ ಊರಿಗೆ ಬಂದಾಗ ಒಂದು ಪ್ರಶ್ನೆಯನ್ನು ಕೇಳುವುದುಂಟು. ವಿಮಾನ ನಿಲ್ದಾಣದಲ್ಲಿ ಲೋಹಶೋಧಕ ಯಂತ್ರವು ಕೊರಳಿನ ಬೆಳ್ಳಿಯ ಕರಡಿಗೆಗೆ ದನಿಗೈಯುತ್ತದೆ. ಕಾವಲಿನ ಅಧಿಕಾರಿ ಅದನ್ನು ತೆಗೆದಿಡಲು ಹೇಳುತ್ತಾನೆ. ದೇಹದಿಂದ ಅಗಲಿಸಬಾರದೆಂದು ದೀಕ್ಷೆಯ ದಿನ ಗುರುವು ಕರಸ್ಥಲಕ್ಕೆ ಅನುಗ್ರಹಿಸಿದ ಇಷ್ಟಲಿಂಗವನ್ನು ಪ್ಲಾಸ್ಟಿಕ್ ತಟ್ಟೆಯಲ್ಲಿ, ಸೊಂಟದ ಪಟ್ಟಿ ಹಾಗೂ ಪಾದರಕ್ಷೆಗಳ ನಡುವೆ ಇಡುವುದೆಂತು? ಇಡದಿದ್ದರೆ ಪ್ರಯಾಣವೆಂತು? ಈ ಸಂಕಟವೇ ಬೇಡವೆಂದು ಲಿಂಗವನ್ನು ಮನೆಯ ಜಗುಲಿಯ ಮೇಲಿರಿಸಿ ಹೊರಡುವವರೂ ಇದ್ದಾರೆಂದು ಕೇಳಿದ್ದೇನೆ.

ಮೇಲುನೋಟಕ್ಕೆ ಇದು ಆಚಾರಕ್ಕೆ ಸಂಬಂಧಿಸಿದ ಸಣ್ಣ ಪ್ರಶ್ನೆ. ಆದರೆ ಅದರ ಬೆನ್ನಿಗೆ ದೊಡ್ಡದೊಂದು ಪ್ರಶ್ನೆ ನಿಂತಿದೆ. ಭಯಗ್ರಸ್ತವಾದ ಜಗತ್ತಿನಲ್ಲಿ ನಮ್ಮನ್ನು ಇತರರು ಶೋಧಿಸುವುದನ್ನು ನಾವು ಹೇಗೆ ಸ್ವೀಕರಿಸಬೇಕು, ಮತ್ತು ಪಕ್ಕದಲ್ಲಿ ಕುಳಿತ ಅಪರಿಚಿತನನ್ನು ನಾವು ಯಾವ ಕಣ್ಣಿನಿಂದ ನೋಡಬೇಕು ಎಂಬುದೇ ಅದು. ಇದನ್ನು ವಿಚಾರಿಸಲು ಈ ಭಯವು ಇಂದಿನ ರೂಪವನ್ನು ತಾಳಿದ ದಿನಕ್ಕೆ ಹಿಂದಿರುಗುವುದು ಅವಶ್ಯ.

2001ರ ಸೆಪ್ಟೆಂಬರ್ 11ರ ಬೆಳಿಗ್ಗೆ ಹತ್ತೊಂಬತ್ತು ಮಂದಿ ಅಮೆರಿಕದ ನಾಲ್ಕು ಪ್ರಯಾಣಿಕ ವಿಮಾನಗಳನ್ನು ಅಪಹರಿಸಿದರು. ಎರಡನ್ನು ನ್ಯೂಯಾರ್ಕಿನ ಅವಳಿ ಗೋಪುರಗಳಿಗೂ ಒಂದನ್ನು ರಕ್ಷಣಾ ಇಲಾಖೆಯ ಪೆಂಟಗನ್ ಭವನಕ್ಕೂ ಅಪ್ಪಳಿಸಿದರು. ನಾಲ್ಕನೆಯದು ಪೆನ್ಸಿಲ್ವೇನಿಯಾದ ಬಯಲೊಂದರಲ್ಲಿ ಬಿದ್ದಿತು. ಸುಮಾರು ಮೂರು ಸಾವಿರ ಜನ ನಿರಪರಾಧಿಗಳು ಮಡಿದರು. ಆಕಾಶದಲ್ಲಿದ್ದ ನಾಲ್ಕು ಸಾವಿರಕ್ಕೂ ಮಿಕ್ಕ ವಿಮಾನಗಳನ್ನು ಸಮೀಪದ ನಿಲ್ದಾಣಗಳಲ್ಲಿ ಇಳಿಸಲು ಆಜ್ಞೆಯಾಯಿತು. ಆ ವಿಶಾಲ ದೇಶದ ಆಕಾಶವು ಬರಿದಾಯಿತು. ಸೆಪ್ಟೆಂಬರ್ 13ರಂದು ಪ್ರಯಾಣಿಕ ವಿಮಾನಗಳಿಗೆ ಮತ್ತೆ ಅನುಮತಿ ದೊರೆಯಿತಾದರೂ ರಾಜಧಾನಿಗೆ ಅತಿ ಸಮೀಪದ ರೇಗನ್ ನಿಲ್ದಾಣವು ಅಕ್ಟೋಬರ್ 4ರವರೆಗೆ ತೆರೆಯಲಿಲ್ಲ. ನಿಲ್ದಾಣಗಳಲ್ಲಿ ಬಂದೂಕುಧಾರಿ ಸೈನಿಕರು ನಿಂತರು. ಅದುವರೆಗೆ ನಾಲ್ಕು ಅಂಗುಲಕ್ಕಿಂತ ಚಿಕ್ಕ ಚಾಕುವನ್ನು ವಿಮಾನದೊಳಗೆ ಒಯ್ಯಬಹುದಾಗಿದ್ದ ದೇಶದಲ್ಲಿ ಉಗುರು ಕತ್ತರಿಯೂ ಸಂಶಯದ ವಸ್ತುವಾಯಿತು. ವಿಮಾನ ಸಂಸ್ಥೆಗಳು ಗುತ್ತಿಗೆಯ ಮೇಲೆ ನಡೆಸುತ್ತಿದ್ದ ತಪಾಸಣೆಯನ್ನು ಸರಕಾರವೇ ವಹಿಸಿಕೊಳ್ಳುವ ಶಾಸನಕ್ಕೆ ಅದೇ ನವೆಂಬರ್ 19ರಂದು ಅಂಕಿತ ಬಿದ್ದಿತು.

ಅಂಥ ದಿನಗಳಲ್ಲಿ ಮತ್ತೆ ವಿಮಾನವೇರುವುದು ಸುಲಭವಾಗಿರಲಿಲ್ಲ. ಎಷ್ಟೋ ಜನ ವಿಮಾನವನ್ನು ತೊರೆದು ಸ್ವಂತ ಕಾರಿನಲ್ಲಿ ನೂರಾರು ಮೈಲಿ ಸಾಗಿದರು. ಇದರ ಪರಿಣಾಮವನ್ನು ಜರ್ಮನಿಯ ಮನಶ್ಶಾಸ್ತ್ರಜ್ಞ ಗೆರ್ಡ್ ಗಿಗರೆನ್ಸರ್ ಲೆಕ್ಕ ಹಾಕಿದ್ದಾರೆ. 2006ರಲ್ಲಿ ಅವರು ಪ್ರಕಟಿಸಿದ ಅಂದಾಜಿನಂತೆ ದುರಂತದ ನಂತರದ ಹನ್ನೆರಡು ತಿಂಗಳುಗಳಲ್ಲಿ ಸುಮಾರು 1500 ಜನ ರಸ್ತೆ ಅಪಘಾತಗಳಲ್ಲಿ ಹೆಚ್ಚಾಗಿ ಸತ್ತರು. ಹಾವಿಗೆ ಹೆದರಿ ಹಿತ್ತಿಲ ಬಾವಿಗೆ ಬಿದ್ದಂತಾಯಿತು. ಇವರನ್ನು ಯಾವ ಸ್ಮಾರಕದ ಮೇಲೂ ಕೆತ್ತಿಲ್ಲ. ಇವರು ಯಾರೆಂದು ಗುರುತಿಸುವುದೂ ಸಾಧ್ಯವಿಲ್ಲ, ಅಂಕಿಗಳಲ್ಲಿ ಮಾತ್ರ ಇವರು ಕಾಣುತ್ತಾರೆ. ಇದನ್ನು ಓದಿ ಅವರ ಅಂಜಿಕೆಯನ್ನು ಪರಿಹಾಸ ಮಾಡಬೇಡಿ. ಭಯವು ಮನುಷ್ಯ ಸಹಜವಾದುದು. ಆದರೆ ಅದು ಆರಿಸಿಕೊಟ್ಟ ದಾರಿಯೆಲ್ಲವೂ ಕ್ಷೇಮದ ದಾರಿಯಲ್ಲವೆಂಬುದನ್ನು ಗಮನಿಸಿದರೆ ಸಾಕು.

ಈಗ ಅದೇ ದಿನದ ಇನ್ನೊಂದು ಸಂಗತಿಯನ್ನು ಹೇಳುತ್ತೇನೆ. ದಾಸೋಹದ ಅರ್ಥವನ್ನು ಬಲ್ಲ ನಿಮಗೆ ಇದು ಹೊರಗಿನ ಕಥೆಯೆನಿಸಲಾರದು. ಕೆನಡಾ ದೇಶದ ಪೂರ್ವದ ಅಂಚಿನಲ್ಲಿ ನ್ಯೂಫೌಂಡ್‌ಲ್ಯಾಂಡ್ ಎಂಬ ದ್ವೀಪವಿದೆ. ಅಲ್ಲಿಯ ಗ್ಯಾಂಡರ್ ಎಂಬ ಊರಿನ ಜನಸಂಖ್ಯೆ ಆಗ ಸುಮಾರು ಹತ್ತು ಸಾವಿರ. ಅಟ್ಲಾಂಟಿಕ್ ಸಾಗರವನ್ನು ದಾಟಿ ಅಮೆರಿಕದತ್ತ ಬರುತ್ತಿದ್ದ ವಿಮಾನಗಳಲ್ಲಿ 38 ವಿಮಾನಗಳು ಆ ಮಧ್ಯಾಹ್ನ ಅಲ್ಲಿ ಇಳಿದವು. ಸುಮಾರು ಆರೂವರೆ ಸಾವಿರಕ್ಕೂ ಹೆಚ್ಚು ಜನ! ನಾನಾ ದೇಶ, ನಾನಾ ಮತ, ನಾನಾ ಭಾಷೆಯವರು. ಅವರಲ್ಲಿ ಯಾರು ಎಂಥವರೋ ಊರಿನವರಿಗೆ ತಿಳಿಯದು. ಇನ್ನೊಂದು ವಿಮಾನದಲ್ಲಿ ಇನ್ನೊಬ್ಬ ಘಾತುಕನಿರಬಹುದೆಂಬ ಶಂಕೆ ಆ ದಿನ ಅಸಂಬದ್ಧವೂ ಆಗಿರಲಿಲ್ಲ. ಆದುದರಿಂದ ಪ್ರಯಾಣಿಕರನ್ನು ಬಹಳ ಹೊತ್ತು, ಕೆಲವರನ್ನು ಇಡೀ ರಾತ್ರಿ, ವಿಮಾನದಲ್ಲಿಯೇ ಕೂರಿಸಿದರು. ಆಮೇಲೆ ಒಂದೊಂದೇ ವಿಮಾನದವರನ್ನು ಇಳಿಸಿಕೊಂಡು, ತಪಾಸಣೆ ನಡೆಸಿ, ನಂತರವೇ ಹೊರಗೆ ಬಿಟ್ಟರು.

ಹೊರಗೆ ಅವರಿಗಾಗಿ ಕಾದಿದ್ದುದೇನು? ಮುಷ್ಕರ ಹೂಡಿದ್ದ ಶಾಲಾ ಬಸ್ಸುಗಳ ಚಾಲಕರು ಮುಷ್ಕರವನ್ನು ಬದಿಗಿಟ್ಟು ಬಂದು ಬಸ್ಸುಗಳೊಂದಿಗೆ ನಿಂತಿದ್ದರು. ಶಾಲೆಗಳೂ ಇಗರ್ಜಿಗಳೂ ಸಭಾಭವನಗಳೂ ವಸತಿಗೃಹಗಳಾದವು. ಸುತ್ತಲಿನ ಲೂಯಿಸ್‌ಪೋರ್ಟ್, ಗ್ಯಾಂಬೊ, ಆಪಲ್‌ಟನ್ ಮುಂತಾದ ಚಿಕ್ಕ ಊರುಗಳೂ ತಮ್ಮ ಪಾಲಿನ ಅತಿಥಿಗಳನ್ನು ಕರೆದೊಯ್ದವು. ಮನೆಮನೆಯಿಂದ ಬಂದ ಆಹಾರವನ್ನು ಕೆಡದಂತಿಡಲು ಮಂಜುಗಡ್ಡೆಯ ಮೇಲಿನ ಹಾಕಿ ಆಟದ ಅಂಗಣವನ್ನೇ ಶೀತಲ ಕೊಠಡಿಯನ್ನಾಗಿ ಬಳಸಿದರು. ಪ್ರಯಾಣಿಕರ ಪೆಟ್ಟಿಗೆಗಳು ವಿಮಾನದೊಳಗೇ ಉಳಿದಿದ್ದುದರಿಂದ ಉಡಲು ಬಟ್ಟೆ ಕೊಟ್ಟರು. ಸ್ನಾನಕ್ಕೆ ತಮ್ಮ ಮನೆಯ ಬಾಗಿಲು ತೆರೆದರು. ಐದು ದಿನಗಳವರೆಗೂ ಇದು ನಡೆಯಿತು. ಲೂಯಿಸ್‌ಪೋರ್ಟಿನ ಆತಿಥ್ಯವನ್ನುಂಡ ಒಂದು ವಿಮಾನದವರು ಮರಳಿ ಹೋಗುವಾಗ ಆ ಊರಿನ ಮಕ್ಕಳ ವಿದ್ಯಾಭ್ಯಾಸಕ್ಕಾಗಿ ವಿಮಾನದಲ್ಲಿಯೇ ವಂತಿಗೆ ಎತ್ತಿ ವಿದ್ಯಾರ್ಥಿವೇತನದ ನಿಧಿಯೊಂದನ್ನು ಸ್ಥಾಪಿಸಿದರು. ಭಿಕ್ಷಾಟನೆಯ ಜೋಳಿಗೆಯಿಂದ ನಡೆದ ನಿಲಯಗಳಲ್ಲಿ ಓದಿದ ನಮಗೆ ಈ ಸಂಗತಿಯನ್ನು ವಿವರಿಸಿ ಹೇಳಬೇಕಾಗಿಲ್ಲ.

ನಾನು ಇಲ್ಲಿ ಎತ್ತಿ ತೋರಿಸಬಯಸುವುದು ಅವರ ಔದಾರ್ಯವನ್ನಷ್ಟೇ ಅಲ್ಲ. ಗ್ಯಾಂಡರಿನ ಜನ ತಪಾಸಣೆಯನ್ನೂ ಮಾಡಿದರು, ಅನ್ನವನ್ನೂ ನೀಡಿದರು. ಶೋಧಿಸಿದೆವೆಂಬ ಕಾರಣದಿಂದ ಅತಿಥಿಯನ್ನು ಕೀಳಾಗಿ ಕಾಣಲಿಲ್ಲ. ಅತಿಥಿಯೆಂಬ ಕಾರಣದಿಂದ ಶೋಧನೆಯನ್ನು ಬಿಡಲೂ ಇಲ್ಲ. ಇವೆರಡೂ ಒಂದಕ್ಕೊಂದು ವಿರುದ್ಧವೆಂದು ನಾವು ಭಾವಿಸಿಕೊಂಡಿದ್ದೇವೆ. ನಮ್ಮ ತೊಡಕಿನ ಬಹುಭಾಗ ಈ ಭಾವನೆಯಿಂದಲೇ ಹುಟ್ಟಿದ್ದು.

ಮೊದಲು ನಮ್ಮನ್ನು ಶೋಧಿಸುವ ವಿಷಯ. ಕೈ ಮೇಲೆತ್ತಿ ನಿಲ್ಲುವಾಗ ಮಾನವಂತನಿಗೆ ಮುಜುಗರವಾಗುವುದು ಸಹಜ. ಆದರೆ ಅಲ್ಲಿ ನಿಂತ ಅಧಿಕಾರಿಯೂ ತನ್ನ ಕಾಯಕದಲ್ಲಿದ್ದಾನೆ. ದಿನಕ್ಕೆ ಸಾವಿರಾರು ಜನರ ನಡುವೆ ಎಂದೋ ಒಮ್ಮೆ ಬರಬಹುದಾದ ಒಬ್ಬನಿಗಾಗಿ ಆತ ಎಲ್ಲರನ್ನೂ ನೋಡಬೇಕು. ಆ ಸಾಲಿನಲ್ಲಿ ಎಲ್ಲರೂ ಸಮಾನರಾಗಿ ನಿಂತಷ್ಟು ಕಾಲ ಅದರಲ್ಲಿ ಅವಮಾನವಿಲ್ಲ. 2009ರ ಏಪ್ರಿಲ್‌ನಲ್ಲಿ ದೆಹಲಿಯ ನಿಲ್ದಾಣದಲ್ಲಿ ವಿದೇಶೀ ವಿಮಾನ ಸಂಸ್ಥೆಯೊಂದರ ಸಿಬ್ಬಂದಿ ಮಾಜಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರನ್ನು, ನಿಯಮದಂತೆ ಅವರಿಗೆ ವಿನಾಯಿತಿ ಇದ್ದಾಗ್ಯೂ, ತಪಾಸಣೆಗೆ ಒಳಪಡಿಸಿದರು. ಕೆಲವು ತಿಂಗಳ ನಂತರ ಸಂಸತ್ತಿನಲ್ಲಿ ಕೋಲಾಹಲವೆದ್ದಿತು. ಆದರೆ ತಪಾಸಣೆಗೆ ಒಳಗಾದ ಆ ಹಿರಿಯರು ಮಾತ್ರ ದೂರು ಕೊಟ್ಟಿರಲಿಲ್ಲ. ನಮ್ಮ ನಿಲ್ದಾಣಗಳಲ್ಲಿ ತಪಾಸಣೆಯಿಂದ ವಿನಾಯಿತಿ ಪಡೆದ ಗಣ್ಯರ ಉದ್ದನೆಯ ಪಟ್ಟಿಯನ್ನು ಹಲಗೆಯ ಮೇಲೆ ಬರೆದಿರುವುದನ್ನು ನೀವು ಓದಿರಬಹುದು. ಆ ಹಲಗೆಯ ಮುಂದೆ ನಿಂತಾಗ ನನಗೆ ಕಲಾಂ ಅವರ ನೆನಪಾಗುತ್ತದೆ.

ಇನ್ನು ಇಷ್ಟಲಿಂಗದ ಮಾತು. ಜಗುಲಿಯ ಮೇಲಿರಿಸಿ ಹೊರಡುವುದು ಪರಿಹಾರವಲ್ಲ. ಅಧಿಕಾರಿಯ ಮೇಲೆ ಸಿಡುಕುವುದೂ ಪರಿಹಾರವಲ್ಲ. ಯಂತ್ರವು ಕೂಗಿದ ಮೇಲೆ ತಡಬಡಿಸುವ ಬದಲು ಮುಂಚಿತವಾಗಿಯೇ, ಇದು ನನ್ನ ಧರ್ಮದ ಪವಿತ್ರ ಲಾಂಛನ, ಮೈಮೇಲಿಂದ ಅಗಲಿಸುವ ರೂಢಿಯಿಲ್ಲ, ಆದರೆ ತೋರಿಸಲು ಸಿದ್ಧನಿದ್ದೇನೆ ಎಂದು ವಿನಯದಿಂದ ತಿಳಿಸಿರಿ. ಪ್ರತ್ಯೇಕ ಕೋಣೆಯಲ್ಲಿ ತಪಾಸಣೆ ನಡೆಸಿರೆಂದು ಕೇಳಲು ಅಮೆರಿಕದ ನಿಯಮದಲ್ಲಿ ಅವಕಾಶವಿದೆ. ಸ್ತ್ರೀಯರನ್ನು ಸ್ತ್ರೀಯರೇ ತಪಾಸಣೆ ಮಾಡುತ್ತಾರೆ. ನಿಮ್ಮ ಕೈಗಳನ್ನು ಬಟ್ಟೆಯ ತುಂಡಿನಿಂದ ಒರೆಸಿ ಸ್ಫೋಟಕದ ಅಂಶವಿದೆಯೇ ಎಂದು ಪರೀಕ್ಷಿಸಬಹುದು, ಒರೆಸಿಕೊಳ್ಳಲಿ. ಹಿರಿಯರು ಕಟ್ಟಿಕೊಳ್ಳುತ್ತಿದ್ದಂತೆ ಬೆಳ್ಳಿಯ ಕರಡಿಗೆಯ ಬದಲು ಲಿಂಗವಸ್ತ್ರದಲ್ಲಿ ಕಟ್ಟಿಕೊಂಡರೆ ಕೂಗುವ ಲೋಹವೇ ಅಲ್ಲಿರದು, ಆದರೂ ಮೈಯನ್ನೆಲ್ಲ ಚಿತ್ರಿಸುವ ಈಚಿನ ಯಂತ್ರಗಳು ಅದನ್ನು ಗುರುತಿಸಿಯಾವು. ಆಗಲೂ ಉತ್ತರ ಅದೇ. ಅಂಗೈಯ ಮೇಲಿರಿಸಿ ತೋರಿಸುವುದರಿಂದ ಲಿಂಗಕ್ಕೆ ಕುಂದುಂಟಾಗುವುದೆಂದು ನನಗೆ ತೋರುವುದಿಲ್ಲ. ನಿತ್ಯವೂ ಅದು ಕುಳಿತುಕೊಳ್ಳುವ ಸ್ಥಾನವೇ ಅಂಗೈಯಲ್ಲವೇ?

ತಪಾಸಣೆ ಮುಗಿದು ನೀವು ವಿಮಾನದಲ್ಲಿ ಕುಳಿತಿರಿ ಎನ್ನೋಣ. ನನ್ನ ಲೇಖನದ ಕಠಿಣ ಭಾಗ ಇಲ್ಲಿಂದ ಮುಂದಿದೆ. ಹೊರಗಿನ ಶೋಧನೆಯನ್ನು ರಾಜ್ಯವು ವಿಧಿಸಿದೆ. ಒಳಗಿನ ಶಂಕೆಯನ್ನು ಯಾರೂ ವಿಧಿಸಿಲ್ಲ, ನಾವೇ ಹೊತ್ತು ತರುತ್ತೇವೆ.

2001ರ ಆ ದುರಂತದ ನಾಲ್ಕನೆಯ ದಿನ, ಅರಿಜೋನಾ ಪ್ರಾಂತದ ಮೇಸಾ ಎಂಬ ಊರಿನಲ್ಲಿ ಪೆಟ್ರೋಲ್ ಬಂಕ್ ನಡೆಸುತ್ತಿದ್ದ ಸಿಖ್ ಗೃಹಸ್ಥರೊಬ್ಬರನ್ನು ಗುಂಡಿಕ್ಕಿ ಕೊಂದರು. ಅವರ ಅಪರಾಧವೆಂದರೆ ರುಮಾಲು ಮತ್ತು ಗಡ್ಡ. 2006ರ ನವೆಂಬರ್‌ನಲ್ಲಿ ಮಿನಿಯಾಪೊಲಿಸ್ ನಿಲ್ದಾಣದಲ್ಲಿ ಸಂಜೆಯ ನಮಾಜು ಮಾಡಿ ವಿಮಾನವೇರಿದ ಆರು ಮಂದಿ ಮುಸ್ಲಿಂ ಧರ್ಮಗುರುಗಳನ್ನು, ಸಹಪ್ರಯಾಣಿಕರು ಶಂಕಿಸಿದ ಕಾರಣ, ಕೈಗೆ ಬೇಡಿ ತೊಡಿಸಿ ಕೆಳಗಿಳಿಸಿದರು. ವಿಚಾರಣೆಯಲ್ಲಿ ದೋಷವೇನೂ ಸಿಗದೆ ಬಿಟ್ಟುಬಿಟ್ಟರು. ಇವನ್ನು ಓದುವಾಗ ನಮ್ಮಲ್ಲಿ ಕೆಲವರಿಗೆ ಮನಸ್ಸಿನ ಮೂಲೆಯಲ್ಲಿ "ಅವರ ಮಾತು ಬೇರೆ" ಎಂಬ ಸಮಾಧಾನ ಹುಟ್ಟೀತು. ಸ್ವಲ್ಪ ನಿಲ್ಲಿರಿ. ಅದೇ ವಿಮಾನದಲ್ಲಿ ನೀವಿದ್ದೀರಿ. ಸೂರ್ಯೋದಯದ ವೇಳೆಗೆ ಎಚ್ಚರಗೊಂಡು ಹಣೆಗೆ ಭಸ್ಮ ಧರಿಸುತ್ತೀರಿ. ಕೊರಳಿನ ಲೋಹದ ಡಬ್ಬಿಯನ್ನು ಬಿಚ್ಚಿ, ಕಪ್ಪು ಲೇಪವುಳ್ಳ ಗುಂಡಾದ ವಸ್ತುವೊಂದನ್ನು ಎಡ ಅಂಗೈಯಲ್ಲಿಟ್ಟುಕೊಂಡು, ರೆಪ್ಪೆ ಮಿಟುಕಿಸದೆ ಅದನ್ನೇ ದಿಟ್ಟಿಸುತ್ತ, ತುಟಿಯೊಳಗೆ ಏನನ್ನೋ ಜಪಿಸುತ್ತೀರಿ. ಇಷ್ಟಲಿಂಗವೆಂಬ ಹೆಸರನ್ನೇ ಕೇಳಿರದ ಪಕ್ಕದ ಹೆಂಗಸು ಏನೆಂದು ತಿಳಿದಾಳು? ಆಕೆ ಪರಿಚಾರಿಕೆಯನ್ನು ಕೂಗಿದರೆ ಆಕೆಯನ್ನು ಎಷ್ಟರಮಟ್ಟಿಗೆ ದೂಷಿಸುವಿರಿ? ಆ ಧರ್ಮಗುರುಗಳ ಸ್ಥಾನಕ್ಕೂ ನಿಮ್ಮ ಸ್ಥಾನಕ್ಕೂ ಒಂದು ಆಸನದಷ್ಟೂ ದೂರವಿಲ್ಲ.

ಹಾಗಾದರೆ ಕಣ್ಣು ಮುಚ್ಚಿಕೊಂಡು ಎಲ್ಲರನ್ನೂ ನಂಬಬೇಕೇ ಎಂದು ನೀವು ಕೇಳಬಹುದು. ಇಲ್ಲ. 2001ರ ಡಿಸೆಂಬರ್ 22ರಂದು ಪ್ಯಾರಿಸ್ಸಿನಿಂದ ಮಯಾಮಿಗೆ ಹೊರಟ ವಿಮಾನದಲ್ಲಿ ರಿಚರ್ಡ್ ರೀಡ್ ಎಂಬಾತ ಬೂಟಿನೊಳಗೆ ಸ್ಫೋಟಕವನ್ನಿಟ್ಟುಕೊಂಡು ಬಂದಿದ್ದ. ಹಿಂದಿನ ದಿನವಷ್ಟೇ ಪೊಲೀಸರು ಅವನನ್ನು ವಿಚಾರಿಸಿ ಬಿಟ್ಟಿದ್ದರು. ವಿಮಾನದಲ್ಲಿ ಬೆಂಕಿಕಡ್ಡಿ ಗೀಚಿದ ವಾಸನೆ ಬಂದಿತು. ಪರಿಚಾರಿಕೆಯರು ಹುಡುಕಿಕೊಂಡು ಹೋದರು, ತಡೆದರು. ಪ್ರಯಾಣಿಕರು ಧಾವಿಸಿ ಬಂದು ಸೊಂಟಪಟ್ಟಿಗಳಿಂದ ಅವನನ್ನು ಕಟ್ಟಿಹಾಕಿದರು. ಅಲ್ಲಿ ಎಚ್ಚರವಿತ್ತು. ಆ ಎಚ್ಚರವು ಗೀಚಿದ ಕಡ್ಡಿಯನ್ನು ಗಮನಿಸಿತು. ಮೇಸಾದಲ್ಲಿ ಗುಂಡಿಕ್ಕಿದವನಾದರೋ ಮುಖವನ್ನು ಮಾತ್ರ ನೋಡಿದ. ಕೃತಿಯನ್ನು ನೋಡುವುದಕ್ಕೂ ವೇಷವನ್ನು ನೋಡುವುದಕ್ಕೂ ಇರುವ ಈ ಭೇದವನ್ನು ಬಿಟ್ಟರೆ ನನ್ನಲ್ಲಿ ಬೇರೆ ಸೂತ್ರವಿಲ್ಲ. ಇದು ಎಲ್ಲ ಸಂದರ್ಭಕ್ಕೂ ಸಾಲುತ್ತದೆಂದೂ ನಾನು ಹೇಳಲಾರೆ.

ಪೆನ್ಸಿಲ್ವೇನಿಯಾದ ಬಯಲಿನಲ್ಲಿ ಬಿದ್ದ ವಿಮಾನವನ್ನೂ ನೆನೆಯಿರಿ. ದೂರವಾಣಿಯಿಂದ ಗೋಪುರಗಳ ಗತಿಯನ್ನು ತಿಳಿದ ಪ್ರಯಾಣಿಕರು ತಮ್ಮೊಳಗೇ ವಿಚಾರ ಮಾಡಿ ಅಪಹರಣಕಾರರ ಮೇಲೆ ಎರಗಲು ನಿಶ್ಚಯಿಸಿದರು. ಅವರಲ್ಲಿ ಬಹುಮಂದಿ ಆ ಬೆಳಿಗ್ಗೆಯವರೆಗೆ ಒಬ್ಬರಿಗೊಬ್ಬರು ಅಪರಿಚಿತರು. ಅವರು ಬದುಕಲಿಲ್ಲ. ಆದರೆ ಆ ವಿಮಾನವು ಗುರಿಯನ್ನು ಮುಟ್ಟಲಿಲ್ಲ.

ಭದ್ರತೆಯ ಉಪಾಯಗಳಿಗೂ ಒಂದು ಮೇರೆಯುಂಟು. ಆ ದುರಂತದಿಂದ ಪಾಠ ಕಲಿತು ವಿಮಾನ ಚಾಲಕರ ಕೋಣೆಗೆ ಒಡೆಯಲಾಗದ ಬಾಗಿಲುಗಳನ್ನು ಜೋಡಿಸಿದರು. ಅದು ಯುಕ್ತವೇ ಆಗಿತ್ತು. 2015ರ ಮಾರ್ಚ್ 24ರಂದು ಜರ್ಮನಿಯ ವಿಮಾನವೊಂದರಲ್ಲಿ ಮುಖ್ಯ ಚಾಲಕ ಹೊರಗೆ ಹೋದ ಗಳಿಗೆಯಲ್ಲಿ ಸಹಚಾಲಕನು ಒಳಗಿನಿಂದ ಅದೇ ಬಾಗಿಲನ್ನು ಭದ್ರಪಡಿಸಿ, ವಿಮಾನವನ್ನು ಆಲ್ಪ್ಸ್ ಪರ್ವತಕ್ಕೆ ಅಪ್ಪಳಿಸಿದ. 150 ಜನ ಸತ್ತರು. ಹೊರಗಿನ ಶತ್ರುವಿಗೆಂದು ಮಾಡಿದ ಬಾಗಿಲು ರಕ್ಷಿಸಬಂದವನನ್ನೇ ಹೊರಗೆ ನಿಲ್ಲಿಸಿತು. ಇದಕ್ಕೆ ಬಾಗಿಲನ್ನು ಕಿತ್ತುಹಾಕಿರೆಂಬುದು ಉತ್ತರವಲ್ಲ. ಬಾಗಿಲೊಂದನ್ನೇ ನೆಚ್ಚಿ ಯಾವ ಪ್ರಯಾಣವೂ ಸಾಗುವುದಿಲ್ಲ, ಕೊನೆಗೆ ಯಾರೋ ಒಬ್ಬ ಮನುಷ್ಯನನ್ನು ನಂಬಿಯೇ ನಾವು ಮೇಲೇರುತ್ತೇವೆ ಎಂದಷ್ಟೇ ನನ್ನ ಅಭಿಪ್ರಾಯ.

ಅಪರಿಚಿತನನ್ನು ಕುರಿತು ಬಸವಣ್ಣನವರು ಹೇಳಿರುವ ವಚನವನ್ನು ನಾವೆಲ್ಲ ನಿಲಯದ ಸಂಜೆಯ ಪ್ರಾರ್ಥನೆಯಲ್ಲಿ ಹಾಡಿದವರು. ಇಲ್ಲಿ ಅದನ್ನು ಬರೆಯಬೇಕಾಗಿಲ್ಲ. ನಮ್ಮವರೇ ಸುತ್ತ ಕುಳಿತ ಪ್ರಾರ್ಥನಾ ಮಂದಿರದಲ್ಲಿ ಅದನ್ನು ಹಾಡುವುದು ಸುಲಭವಾಗಿತ್ತು. ಮೂವತ್ತು ಸಾವಿರ ಅಡಿ ಎತ್ತರದಲ್ಲಿ, ಬೇರೆ ವೇಷದ, ಬೇರೆ ನುಡಿಯ ಒಬ್ಬನ ಪಕ್ಕದಲ್ಲಿ ಅದು ಅಷ್ಟು ಸುಲಭವಲ್ಲ.

ಅಮೆರಿಕದ ನಿಲ್ದಾಣಗಳಲ್ಲಿ ಪ್ರಯಾಣಿಕರೆಲ್ಲರೂ ಬೂಟು ಕಳಚಬೇಕೆಂದು 2006ರಲ್ಲಿ ವಿಧಿಸಿದ್ದ ನಿಯಮವನ್ನು 2025ರ ಜುಲೈನಲ್ಲಿ ಕೈಬಿಟ್ಟರು. ನಿಯಮಗಳು ಹೀಗೆಯೇ ಬರುತ್ತವೆ, ಹೋಗುತ್ತವೆ. ಮುಂದಿನ ಸಲ ನೀವು ಹೊರಡುವಾಗ ಲಿಂಗವು ಕೊರಳಲ್ಲಿಯೇ ಇರಲಿ. ಪೂಜೆಗೆ ಕುಳಿತುಕೊಳ್ಳುವ ಮುನ್ನ ಪಕ್ಕದವರಿಗೆ ಒಂದು ಮಾತು ತಿಳಿಸಿ: ಇದು ನಮ್ಮ ಪ್ರಾರ್ಥನೆ, ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ಎಂದು. ಅವರು ಏನಾದರೂ ಕೇಳಿದರೆ ಉತ್ತರ ಹೇಳಿರಿ. ಅನಂತರ ಅವರ ಊರು ಯಾವುದು, ಅವರ ಪ್ರಾರ್ಥನೆ ಹೇಗೆ ಎಂದು ನೀವೂ ಕೇಳಿರಿ. ಬೆಂಗಳೂರಿನಿಂದ ಅಮೆರಿಕಕ್ಕೆ ಬಹಳ ದೂರದ ಪ್ರಯಾಣ. ಮಾತನಾಡಲು ಬೇಕಾದಷ್ಟು ಸಮಯವಿರುತ್ತದೆ.