ಅಚಲವೆಂಬುದುಂಟೆ?

ವಿಜಯಪುರದಿಂದ ಬಸವಣ್ಣನವರ ಜನ್ಮಸ್ಥಳವಾದ ಬಾಗೇವಾಡಿಗೆ ಸಾಗುವ ದಾರಿಯಲ್ಲಿರುವ ಮನಗೂಳಿಯ ಸೀಮೆಯಲ್ಲಿ ಸ್ಥಾವರ ಜಂಗಮಗಳ ವಿವೇಚನೆ ಪಂಡಿತರ ಸೊತ್ತಾಗಿ ಉಳಿದಿಲ್ಲ. 12ನೆಯ ಶತಮಾನದ ಶರಣರು ಅದನ್ನು ದುಡಿಯುವ ಜನರ ನುಡಿಗೆ ತಂದು, ಕಟ್ಟಿ ನಿಲ್ಲಿಸಿದುದಕ್ಕಿಂತ ನಡೆದಾಡುವ ಅರಿವೇ ಹಿರಿದೆಂದು ಸಾರಿದರು. ಆದರೆ ಈ ನೆಲದ ಕರಿಯ ಕಲ್ಲಾದರೂ ನಿಜವಾಗಿ ನಿಂತಿದೆಯೆ?

ನಿಂತಿಲ್ಲವೆಂಬುದೇ ಭೌತವಿಜ್ಞಾನದ ಉತ್ತರ. ಘನವಸ್ತುವಿನ ಪ್ರತಿಯೊಂದು ಪರಮಾಣುವೂ ತನ್ನ ನೆಲೆಯಲ್ಲಿಯೇ ಸೆಕೆಂಡಿಗೆ ಲಕ್ಷ ಕೋಟಿಗಳ ಎಣಿಕೆಯಲ್ಲಿ ಕಂಪಿಸುತ್ತಿರುವುದು. ನಿರಪೇಕ್ಷ ಶೂನ್ಯತಾಪದಲ್ಲಿಯೂ ಆ ಕಂಪನವು ಸಂಪೂರ್ಣವಾಗಿ ಅಡಗದು. ಚದರಿದ ಬೆಳಕಿನ ಬಣ್ಣದಲ್ಲಾಗುವ ವ್ಯತ್ಯಾಸದಿಂದ ಅಣುಗಳ ಕಂಪನವನ್ನು ಓದುವ ಮಾರ್ಗವನ್ನು 1928ರಲ್ಲಿ ತೆರೆದ ಸಿ. ವಿ. ರಾಮನ್ನರು 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅದೇ ಸಂಸ್ಥೆಯಲ್ಲಿ ಭೌತವಿಜ್ಞಾನಿ ಅಜಯ್ ಕೆ. ಸೂದ್ ಅವರು ನ್ಯಾನೊವಸ್ತುಗಳ ಕಂಪನಗಳನ್ನು ಬೆಳಕಿನಿಂದಲೇ ಶೋಧಿಸಿದರು.

ಇಂಥ ಕಂಪನದ ಲಯವನ್ನು ಹಿಡಿಯಲು ಒಂದರ ಹಿಂದೊಂದು ಎರಡು ಲೇಸರ್ ಮಿಡಿತಗಳನ್ನು ಬಳಸುವರು; ಅಂಥ ಅತಿಕ್ಷಿಪ್ರ ಮಿಡಿತವು ಸಾಮಾನ್ಯವಾಗಿ ಸುಮಾರು 100 ಫೆಮ್ಟೊಸೆಕೆಂಡುಗಳದು. ಸೆಕೆಂಡಿಗೆ 3 ಲಕ್ಷ ಕಿಲೋಮೀಟರು ಧಾವಿಸುವ ಬೆಳಕು ಆ ಅವಧಿಯಲ್ಲಿ ಕೂದಲಿನ ದಪ್ಪವನ್ನೂ ದಾಟಲಾರದು. ಮೊದಲ ಮಿಡಿತವು ಸೂಕ್ಷ್ಮವಾದ ಚಿನ್ನದ ಕಣವನ್ನು ಥಟ್ಟನೆ ಕಾಯಿಸಲು, ಕಣವು ಉಸಿರಾಡುವ ಎದೆಯಂತೆ ಹಿಗ್ಗಿ ಕುಗ್ಗತೊಡಗುವುದು. ತಡೆದು ಬರುವ ಎರಡನೆಯ ಮಿಡಿತವು ಆ ಗಳಿಗೆಯ ಸ್ಥಿತಿಯನ್ನು ತಿಳಿಸುವುದು. ಎರಡನೆಯ ಮಿಡಿತವನ್ನು ಹಿಂದಿರುಗಿಸುವ ಕನ್ನಡಿಯನ್ನು 0.15 ಮಿಲಿಮೀಟರು ಹಿಂದೆ ಸರಿಸಿದರೆ ಬೆಳಕಿನ ಹಾದಿ 0.3 ಮಿಲಿಮೀಟರು ಬೆಳೆದು, ಒಂದು ಪಿಕೊಸೆಕೆಂಡಿನ ವಿಳಂಬ ದೊರೆಯುವುದು. ಹೀಗೆ ವಿಳಂಬವನ್ನು ಹೆಚ್ಚಿಸುತ್ತ ಹೋದಂತೆ ಇಡೀ ಕಂಪನದ ಲಯವು ವ್ಯಕ್ತವಾಗುವುದು. ಕಣವು ದೊಡ್ಡದಾದಷ್ಟೂ ಆ ಲಯ ನಿಧಾನವಾಗುವುದು. ಇಂಥ ಕ್ಷಣಗಳಲ್ಲಿ ರಾಸಾಯನಿಕ ಕ್ರಿಯೆಗಳನ್ನು ಕಂಡ ಅಹ್ಮದ್ ಜೆವೈಲರಿಗೆ 1999ರಲ್ಲಿ ನೊಬೆಲ್ ಪುರಸ್ಕಾರ ಸಂದಿತು.

ಇದರಿಂದ ಶರಣರ ಮಾತು ಪ್ರಯೋಗಶಾಲೆಯಲ್ಲಿ ಸಿದ್ಧವಾಯಿತೆಂದು ಹಿಗ್ಗುವುದು ಉಭಯತರಿಗೂ ಅನ್ಯಾಯ. ವಿಜ್ಞಾನವು ಕಲಿಸುವುದು ವಿನಯವನ್ನು: ಅಚಲತೆಯೆಂಬುದು ವಸ್ತುವಿನ ಗುಣವಲ್ಲ, ಅದನ್ನು ಅಳೆವ ನಮ್ಮ ಕಾಲಮಾನದ ಮಿತಿ; ಆದುದರಿಂದ ಕಣ್ಣಿಗೆ ಜಡವಾಗಿ ತೋರಿದುದನ್ನೆಲ್ಲ ಜಡವೆಂದು ತೀರ್ಮಾನಿಸುವ ಅಧಿಕಾರ ನಮಗಿಲ್ಲ. ಆದರೆ ಕಂಪಿಸಿದ ಮಾತ್ರಕ್ಕೆ ಕಲ್ಲು ಜಂಗಮವಾಗದು. ಚಿನ್ನದ ಕಣವು ಪೆಟ್ಟು ಬಿದ್ದಾಗ ಮಿಡಿದು, ಕ್ರಮೇಣ ಅಡಗುವುದು. ಅದಕ್ಕೆ ಆಯ್ಕೆಯಿಲ್ಲ, ಹೊಣೆಯಿಲ್ಲ. ಪರರ ನೋವಿಗೆ ಯಾರ ಒತ್ತಾಯವೂ ಇಲ್ಲದೆ ಮಿಡಿದು, ಕಾಯಕ ದಾಸೋಹಗಳಲ್ಲಿ ನಡೆಯಾಗುವ ಅರಿವೇ ಜಂಗಮ. ಪರಮಾಣುವಿನ ಚಲನೆ ಪ್ರಕೃತಿಯ ನಿಯಮ. ಮನುಷ್ಯನ ಜಂಗಮತ್ವ ಅವನ ಸಾಧನೆ, ಅದನ್ನು ಯಾವ ಉಪಕರಣವೂ ಅವನ ಪರವಾಗಿ ಸಾಧಿಸಿಕೊಡಲಾರದು.