ಅವ್ವನ ಸೀರೆಯ ಗೊಂಬೆ

ಆಂಧ್ರದ ಆದೋನಿ ಹತ್ತಿರದ ಪೆದ್ದಕಡುಬೂರಿನಲ್ಲಿ ನಮ್ಮ ನೆಂಟರ ಮನೆಯ ಪಡಸಾಲೆಯಲ್ಲಿ ಒಂದು ಗಂಟಿದೆ. ಹರಿದ ಲಂಗದ ಅಂಚು, ಕುಪ್ಪಸ ಹೊಲಿಸಿದಾಗ ಮಿಕ್ಕ ತುಂಡು, ಮೊಣಕಾಲ ಹತ್ತಿರ ಸವೆದ ಪ್ಯಾಂಟು, ಬಣ್ಣ ಬಿಟ್ಟ ಲುಂಗಿ, ಎಲ್ಲವನ್ನೂ ಹಳೆಯ ಪಂಚೆಯೊಂದರಲ್ಲಿ ಕಟ್ಟಿ ಮೂಲೆಗೆ ಇಟ್ಟಿರುತ್ತಾರೆ. ನಮ್ಮ ನಿಮ್ಮ ಮನೆಯಲ್ಲೂ ಇಂಥದೊಂದು ಗಂಟು ಇದ್ದೇ ಇರುತ್ತದೆ. ಬಿಸಾಡಲು ಮನಸ್ಸು ಬರುವುದಿಲ್ಲ, ಇಟ್ಟುಕೊಂಡು ಏನು ಮಾಡುವುದೆಂದು ತಿಳಿಯುವುದಿಲ್ಲ. ಕೌದಿ ಹೊಲಿಯುವ ಕೈಗಳು ಮನೆಯಲ್ಲಿದ್ದಾಗ ಆ ಚೂರುಗಳಿಗೊಂದು ಗತಿ ಇತ್ತು. ಈಗ ಅಂಗಡಿಯ ರಗ್ಗುಗಳು ಬಂದಿವೆ. ಗಂಟು ದೊಡ್ಡದಾಗುತ್ತ ಹೋಗಿ ಒಂದು ದಿನ ನೀರೊಲೆಯ ಉರಿಗೆ ಹೋಗುತ್ತದೆ. ಹೋದ ಸಲ ನಾನು ಹೋದಾಗ ನಮ್ಮ ದೊಡ್ಡವ್ವ ಆ ಗಂಟನ್ನು ಬಿಚ್ಚಿಕೊಂಡು ಕೂತಿದ್ದರು. ಎದುರಿಗೆ ಎರಡು ವರ್ಷದ ಮೊಮ್ಮಗಳು, ಸಿಕ್ಕಿದ ಚೂರನ್ನೆಲ್ಲ ತಲೆಯ ಮೇಲೆ ಹಾಕಿಕೊಂಡು ನಗುತ್ತಿದ್ದಳು.

ದೊಡ್ಡವ್ವ ಸೊಸೆಯ ಹಳೆಯ ನೂಲಿನ ಸೀರೆಯಿಂದ ಒಂದು ತುಂಡು ಹರಿದು, ಒಳಮೈ ಹೊರಗೆ ಬರುವಂತೆ ಎರಡು ಪದರ ಮಡಿಸಿದರು. ಅದರ ಮೇಲೆ ಇದ್ದಿಲಿನಿಂದ ಗೆರೆ ಎಳೆದರು: ದುಂಡು ತಲೆ, ಎರಡು ಮೊಂಡು ಕೈ, ಎರಡು ಮೊಂಡು ಕಾಲು. ಗೆರೆಯ ಮೇಲೆ ಒತ್ತೊತ್ತಾಗಿ ಹೊಲಿಯುತ್ತ ಸುತ್ತು ಬಂದು, ಮಗ್ಗುಲಲ್ಲಿ ಎರಡು ಬೆರಳು ತೂರುವಷ್ಟು ಜಾಗ ಬಿಟ್ಟರು. ಹೊಲಿಗೆಯಿಂದ ಅರ್ಧ ಬೆರಳಿನಷ್ಟು ಆಚೆಗೆ ಕತ್ತರಿಸಿ, ಕುತ್ತಿಗೆ ಮತ್ತು ಕಂಕುಳಿನ ತಿರುವುಗಳಲ್ಲಿ ಕತ್ತರಿಯ ತುದಿಯಿಂದ ಸಣ್ಣ ಸಣ್ಣ ಕಚ್ಚು ಕೊಟ್ಟರು. ಆ ಕಚ್ಚು ಕೊಡದಿದ್ದರೆ ಮಗುಚಿದಾಗ ಕುತ್ತಿಗೆ ಸುಕ್ಕುಗಟ್ಟಿ ತಲೆ ವಾಲುತ್ತದಂತೆ. ಆಮೇಲೆ ಒಳಹೊರಗು ಮಾಡಿ, ಮೊಂಡು ಕಡ್ಡಿಯಿಂದ ಕೈಕಾಲಿನ ತುದಿಗಳನ್ನು ನೂಕಿ ಹೊರಗೆ ತೆಗೆದರು. ತುಂಬಲು ಅರಳೆ. ಚಿಟಿಕೆ ಚಿಟಿಕೆಯಾಗಿ ಮೊದಲು ಕೈಕಾಲಿಗೆ, ಆಮೇಲೆ ತಲೆಗೆ, ಕೊನೆಗೆ ಹೊಟ್ಟೆಗೆ. ಮುಷ್ಟಿಗಟ್ಟಲೆ ತುರುಕಿದರೆ ಗೊಂಬೆಯ ಮೈಯೆಲ್ಲ ಗಡ್ಡೆ. ಬಾಯಿ ಮುಚ್ಚುವ ಹೊಲಿಗೆ ಮಾತ್ರ ಎಷ್ಟು ಸಣ್ಣದಾಗಿತ್ತೆಂದರೆ, ಎಲ್ಲಿ ಮುಗಿಸಿದರೆಂದು ಬೆರಳಾಡಿಸಿ ಹುಡುಕಬೇಕಾಯಿತು. ನಾನು ಸುಮ್ಮನಿರಲಾರದೆ ಕೇಳಿದೆ: “ಆದೋನಿಯಿಂದ ಒಳ್ಳೇ ಹೊಸ ಬಟ್ಟೆ ತಂದುಕೊಡ್ತಿದ್ದೆ ದೊಡ್ಡವ್ವ, ಇದು ತೀರಾ ಹಳೇದಾಯ್ತಲ್ಲ?” ಅವರು ದಾರ ಕಚ್ಚಿ ತುಂಡು ಮಾಡುತ್ತ, “ಹೊಸ ಅರಿವಿಗೆ ಇದರ ಅವ್ವನ ವಾಸನಿ ಎಲ್ಲಿಂದ ಬರಬೇಕವ್ವಾ?” ಎಂದರು.

ಅರಳೆಗೆ ಆ ಊರಲ್ಲಿ ಬರವಿಲ್ಲ. ಕರಿಮಣ್ಣಿನ ಸೀಮೆ, ಹತ್ತಿಯ ಸೀಮೆ ಅದು. ಹತ್ತಿರದ ಆದೋನಿಯ ಹತ್ತಿ ಮಾರುಕಟ್ಟೆ ಆಂಧ್ರದ ದೊಡ್ಡ ಮಾರುಕಟ್ಟೆಗಳಲ್ಲೊಂದು. ಆಚೆ ಎಮ್ಮಿಗನೂರಿನಲ್ಲಿ ಮಾಚಾನಿ ಸೋಮಪ್ಪನವರು 1938ರಲ್ಲಿ ಕಟ್ಟಿದ ನೇಕಾರರ ಸಹಕಾರ ಸಂಘದಿಂದ ಆ ಸೀಮೆಯ ಮಗ್ಗಕ್ಕೆ ಹೆಸರು ಬಂತು. ಹತ್ತಿ ಬೆಳೆಯುವವರು, ನೂಲು ನೇಯುವವರು, ಬಟ್ಟೆ ಹೊಲಿಯುವವರು ಒಂದೇ ದಿನದ ಬಸ್ಸಿನ ದಾರಿಯಲ್ಲಿ ಸಿಗುವ ಜಾಗ. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಹೊಸ ಆಂಧ್ರ ರಾಜ್ಯಕ್ಕೆ ಸೇರಿದವು. ಗೆರೆ ಬಿದ್ದದ್ದು ನಕ್ಷೆಯ ಮೇಲೆ, ಕನ್ನಡದ ಮಾತು ಮಾತ್ರ ಇದ್ದಲ್ಲೇ ಉಳಿಯಿತು. ನಾವು ಕೌದಿ ಎನ್ನುವುದು ಪಕ್ಕದ ತೆಲುಗು ಮನೆಯಲ್ಲಿ ಬೊಂತ. ನಮ್ಮ ಗೊಂಬೆ ಅವರಿಗೆ ಬೊಮ್ಮ. ದೊಡ್ಡವ್ವನ ಮೊಮ್ಮಗಳು ಎರಡನ್ನೂ ಕೂಡಿಸಿ ತನ್ನದೇ ಒಂದು ಮಾತು ಮಾಡಿಕೊಂಡಿದ್ದಾಳೆ: “ಬೊಮ್ಮೆ”.

ಗೊಂಬೆಯೆಂದರೆ ನಮ್ಮಲ್ಲಿ ಎರಡು ಜಾತಿ. ಒಂದು, ನವರಾತ್ರಿಯಲ್ಲಿ ಮೆಟ್ಟಿಲ ಮೇಲೆ ಕೂರುವ ಪಟ್ಟದ ಗೊಂಬೆ. ಅದನ್ನು ನೋಡಬೇಕು, ಆರತಿ ಎತ್ತಬೇಕು, ಮುಟ್ಟಬಾರದು. ಮಗು ಕೈ ಚಾಚಿದರೆ ಇಡೀ ಮನೆ ಗಾಬರಿಯಾಗಿ ಓಡಿಬರುತ್ತದೆ. ಇನ್ನೊಂದು, ಮುಟ್ಟಲೆಂದೇ ಇರುವುದು. ಮಣ್ಣೆತ್ತಿನ ಅಮಾವಾಸ್ಯೆಯ ಎತ್ತು ಹಾಗಿತ್ತು. ಪೂಜೆ ಮುಗಿದ ಮೇಲೆ ಅದು ಮಕ್ಕಳದೇ. ಬಟ್ಟೆಯ ಗೊಂಬೆಯೂ ಈ ಎರಡನೆಯ ಜಾತಿಯದು. ಅದನ್ನು ಎಸೆಯಬಹುದು, ಕಚ್ಚಬಹುದು, ತಲೆದಿಂಬು ಮಾಡಿಕೊಳ್ಳಬಹುದು, ಸಿಟ್ಟು ಬಂದರೆ ಗೋಡೆಗೆ ಬಡಿಯಬಹುದು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಈಜಿಪ್ಟಿನ ಒಣ ನೆಲದಲ್ಲಿ ಸಿಕ್ಕಿದ ಒಂದು ಗೊಂಬೆ ಇದೆ. ರೋಮನರ ಆಳ್ವಿಕೆಯ ಕಾಲದ್ದು, ಒರಟು ನಾರುಬಟ್ಟೆಯದು, ಹೊಟ್ಟೆಯೊಳಗೆ ಚಿಂದಿ ಮತ್ತು ಪಪೈರಸ್ ತುಂಡುಗಳು. ಅದನ್ನು ಹೊಲಿದ ತಾಯಿಯ ಮನೆಯಲ್ಲೂ ಒಂದು ಗಂಟು ಇದ್ದಿರಬೇಕು.

ದೊಡ್ಡವ್ವ ಆ ದಿನ ಅವಸರದಲ್ಲಿದ್ದರು, ಅದಕ್ಕೆ ಕಾರಣವಿತ್ತು. ಮಗ ಸೊಸೆ ಗುಳೆ ಹೊರಟಿದ್ದರು. ಪೆದ್ದಕಡುಬೂರು, ಕೋಸಗಿ, ಮಂತ್ರಾಲಯದ ಸುತ್ತಲ ಊರುಗಳಿಂದ, ಮುಂಗಾರಿನ ಬೆಳೆ ಮುಗಿದ ಮೇಲೆ, ಎಷ್ಟೋ ಕುಟುಂಬಗಳು ಮೆಣಸಿನಕಾಯಿ ಬಿಡಿಸುವ ಕೂಲಿಗಾಗಿ ಗುಂಟೂರು ಸೀಮೆಗೆ ಹೋಗುತ್ತವೆ. ಆ ಸೀಮೆಯ ತೆಲುಗಿನಲ್ಲಿ ಅದನ್ನು ಸುಗ್ಗಿಗೆ ಹೋಗುವುದು ಎನ್ನುತ್ತಾರೆ. ನಮ್ಮ ಬಾಯಲ್ಲಿ ಹಿಗ್ಗಿನ ಮಾತಾಗಿರುವ ಸುಗ್ಗಿ, ಅಲ್ಲಿ ಮನೆಗೆ ಬೀಗ ಹಾಕುವ ಮಾತಾಗಿದೆ ಎಂದು ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಕೆಲವರು ಮಕ್ಕಳನ್ನು ಜೊತೆಗೆ ಕರೆದೊಯ್ಯುತ್ತಾರೆ. ಹೊಲದ ಬದುವಿನಲ್ಲಿ, ಮರಕ್ಕೆ ಕಟ್ಟಿದ ಜೋಳಿಗೆಯಲ್ಲಿ ಆ ಮಕ್ಕಳ ಹಗಲು ಕಳೆಯುತ್ತದೆ. ಕೆಲವರು ಅಜ್ಜಿಯ ಬಳಿ ಬಿಟ್ಟುಹೋಗುತ್ತಾರೆ. ಈ ಕೂಸು ಅಜ್ಜಿಯ ಬಳಿ ಉಳಿಯುವುದೆಂದು ತೀರ್ಮಾನವಾಗಿತ್ತು. ಸೀರೆ ಯಾಕೆ ಹಳೆಯದೇ ಬೇಕಿತ್ತೆಂದು ನನಗೆ ಅರ್ಥವಾದದ್ದು ಆಗ.

ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಿನಿಕಾಟ್ ಎಂಬ ಮಕ್ಕಳ ವೈದ್ಯರಿದ್ದರು, ಮನೋವಿಶ್ಲೇಷಕರೂ ಹೌದು. ಕೂಸುಗಳು ಒಂದು ಬಟ್ಟೆಯ ತುಂಡನ್ನೋ ಮೆತ್ತನೆಯ ಗೊಂಬೆಯನ್ನೋ ಯಾಕೆ ಬಿಡದೆ ಹಿಡಿದುಕೊಳ್ಳುತ್ತವೆ ಎಂಬುದರ ಬಗ್ಗೆ ಅವರು 1951ರಲ್ಲಿ ಒಂದು ಪ್ರಬಂಧ ಮಂಡಿಸಿದರು. ತಾಯಿ ಕಣ್ಮರೆಯಾದಾಗ ಮಗು ಅದನ್ನು ಹಿಡಿದು ಧೈರ್ಯ ತಂದುಕೊಳ್ಳುತ್ತದೆ. ಅದು ಪೂರ್ತಿ ತಾಯಿಯೂ ಅಲ್ಲ, ಪೂರ್ತಿ ಹೊರಗಿನ ವಸ್ತುವೂ ಅಲ್ಲ, ಎರಡರ ನಡುವಿನದು. ಅವರು ಗಮನಿಸಿದ ಒಂದು ಸಣ್ಣ ಸಂಗತಿ ನನಗೆ ಬಹಳ ಹಿಡಿಸಿತು. ಆ ಬಟ್ಟೆ ಕೊಳೆಯಾಗಿ ನಾತ ಹೊಡೆದರೂ ತಾಯಂದಿರು ಅದನ್ನು ತೊಳೆಯದೆ ಬಿಡುತ್ತಾರಂತೆ, ಏಕೆಂದರೆ ತೊಳೆದರೆ ಮಗುವಿಗೆ ಅದು ಬೇರೆಯೇ ವಸ್ತುವಾಗಿಬಿಡುತ್ತದೆ. ಓದು ಬರಹ ಇಲ್ಲದ ದೊಡ್ಡವ್ವ ವಾಸನೆಯ ಮಾತು ಆಡಿದಾಗ ನನಗೆ ಆ ಪ್ರಬಂಧ ನೆನಪಾಯಿತು.

ಒಂದು ಎಚ್ಚರಿಕೆಯನ್ನು ಮಾತ್ರ ಇಲ್ಲಿ ಹೇಳಲೇಬೇಕು, ನಾನೇ ಪಟ್ಟ ಪಾಡು ಅದು. ವರ್ಷಗಳ ಹಿಂದೆ ನನ್ನ ಮಗನಿಗೆ ಒಂದು ಆನೆ ಹೊಲಿದಿದ್ದೆ. ಚೆಂದ ಕಾಣಲೆಂದು ಹಳೆಯ ಅಂಗಿಯ ಕಪ್ಪು ಗುಂಡಿಗಳನ್ನು ಕಣ್ಣಾಗಿ ಇಟ್ಟಿದ್ದೆ. ಒಂದು ಮಧ್ಯಾಹ್ನ ಮಗ ಏನೋ ಚೀಪುತ್ತಿದ್ದಾನೆಂದು ಬಾಯಿ ತೆರೆಸಿದರೆ ನಾಲಗೆಯ ಮೇಲೆ ಆನೆಯ ಕಣ್ಣು! ಇನ್ನೊಂದು ಗಳಿಗೆ ತಡವಾಗಿದ್ದರೆ ಎಂದು ಇವತ್ತಿಗೂ ಮೈ ನಡುಗುತ್ತದೆ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯಲ್ಲಿ ಬಾಯೊಳಗೆ ಪೂರ್ತಿ ಹೋಗುವಂಥ ಯಾವ ಚೂರೂ ಇರಬಾರದು. ಅಂಗಡಿಯ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಅದಕ್ಕಾಗಿ ನಡೆಯುವ ಸಣ್ಣ ಚೂರುಗಳ ಪರೀಕ್ಷೆಗೆ 31.7 ಮಿಲಿಮೀಟರ್ ಅಗಲದ ಒಂದು ಕೊಳವೆಯನ್ನು ಬಳಸುತ್ತಾರೆ, ಅದರೊಳಗೆ ಹೋಗುವ ಚೂರು ಅಪಾಯದ್ದೆಂದು ಲೆಕ್ಕ. ಮನೆಯ ಗೊಂಬೆಗೆ ನಾವೇ ಪರೀಕ್ಷಕರು. ಕಣ್ಣು, ಮೂಗು, ಬಾಯಿ ಎಲ್ಲವೂ ದಾರದ ಹೊಲಿಗೆಯಲ್ಲೇ ಬರಲಿ. ಗುಂಡಿ, ಮಣಿ, ಮಿಣುಕು ಚುಕ್ಕಿ ಬೇಡ. ಕುತ್ತಿಗೆಗೆ ಸುತ್ತಿಕೊಳ್ಳುವಂಥ ಉದ್ದನೆಯ ದಾರವೂ ಬೇಡ. ಹೊಲಿದು ಮುಗಿಸಿದ ಮೇಲೆ ಕೈಕಾಲನ್ನು ಬಲವಾಗಿ ಜಗ್ಗಿ ನೋಡಬೇಕು. ತೀರಾ ಹಸುಗೂಸಿನ ಮಗ್ಗುಲಲ್ಲಿ ರಾತ್ರಿ ಯಾವ ಗೊಂಬೆಯನ್ನೂ ಮಲಗಿಸಬಾರದು. ತೊಳೆದರೆ ಅರಳೆ ಬೇಗ ಒಣಗುವುದಿಲ್ಲ, ಒಳಗೇ ಮುಗ್ಗಲು ಹಿಡಿಯಬಹುದು. ಆದ್ದರಿಂದ ಆಗಾಗ ತೊಳೆಯಬೇಕಾದ ಗೊಂಬೆಗೆ ಸಣ್ಣಗೆ ಕತ್ತರಿಸಿದ ಬಟ್ಟೆಯ ಎಳೆಗಳನ್ನು ತುಂಬುವುದೇ ವಾಸಿ. ಅಷ್ಟರಮಟ್ಟಿಗೆ ಗಂಟೂ ಕರಗುತ್ತದೆ.

ಸೂಜಿಯ ಕಾಯಕವನ್ನು ಹೆಸರಿನಲ್ಲೇ ಹೊತ್ತ ರಾಮಿತಂದೆ ಎಂಬ ಶರಣರಿದ್ದ ನಾಡು ನಮ್ಮದು. ಹೊಲಿಗೆ ಬಾರದು ಎಂಬ ಸಂಕೋಚ ನಮಗೆ ಬೇಡ. ಮಗು ಹೊಲಿಗೆಯ ಓರೆಕೋರೆ ನೋಡುವುದಿಲ್ಲ. ಗಂಡಸರೂ ಕೂರಬಹುದು, ನಮ್ಮೂರುಗಳಲ್ಲಿ ಯಂತ್ರದ ಮುಂದೆ ಕೂತು ಹೊಲಿಯುವ ಸಿಂಪಿಗರು ಗಂಡಸರೇ ಅಲ್ಲವೇ? ಟೈಲರ್ ಅಂಗಡಿಯ ಮೂಲೆಯಲ್ಲಿ ದಿನವೂ ಗುಡಿಸಿ ಹಾಕುವ ಚೂರುಗಳನ್ನು ಕೇಳಿದರೆ ಚೀಲ ತುಂಬಿ ಕೊಡುತ್ತಾರೆ. ಅವನ್ನು ಒಮ್ಮೆ ಬಿಸಿನೀರಲ್ಲಿ ಅದ್ದಿ ಒಣಗಿಸಿದರೆ ಬಿಡುವ ಬಣ್ಣ ಬಿಟ್ಟಿರುತ್ತದೆ. ಒಂದು ಗೊಂಬೆ ಕತ್ತರಿಸುವಾಗ ಬಟ್ಟೆಯನ್ನು ಇನ್ನೊಂದು ಮಡಿಕೆ ಮಡಿಸಿದರೆ ಎರಡು ಗೊಂಬೆಯ ಬಟ್ಟೆ ಒಟ್ಟಿಗೇ ಸಿದ್ಧ. ಒಂದು ನಮ್ಮ ಮನೆಯ ಕೂಸಿಗೆ, ಇನ್ನೊಂದು ಬೀದಿಯ ಕೊನೆಯ ಅಂಗನವಾಡಿಗೆ. 1975ರ ಅಕ್ಟೋಬರ್ 2ರಂದು ಆರಂಭವಾದ ಯೋಜನೆಯಿಂದ ಹುಟ್ಟಿದ ಈ ಅಂಗನವಾಡಿಗಳಲ್ಲಿ ಮಕ್ಕಳಿಗೆ ಊಟ, ಮೊಟ್ಟೆ ಸಿಗುತ್ತದೆ, ಹಾಡು ಕಲಿಸುವ ಟೀಚರಮ್ಮ ಇರುತ್ತಾರೆ. ತಬ್ಬಿಕೊಂಡು ಮಲಗಲು ಒಂದು ಮೆತ್ತನೆಯ ಗೊಂಬೆಯನ್ನು ಕೊಡುವುದು ನಮ್ಮ ಕೈಯಲ್ಲಿದೆ. ಗುಳೆ ಹೊರಟ ಮನೆಯ ಗಂಟಿನಲ್ಲೂ ಅದಕ್ಕೆ ಜಾಗ ಸಿಗುತ್ತದೆ, ಭಾರವಿಲ್ಲ, ಒಡೆಯುವುದಿಲ್ಲ.

ಮೊನ್ನೆ ದೊಡ್ಡವ್ವನಿಗೆ ಫೋನು ಮಾಡಿದ್ದೆ. ಕೂಸು ಹೇಗಿದ್ದಾಳೆಂದು ಕೇಳಿದೆ. ಮೊದಲ ಎರಡು ರಾತ್ರಿ ಬಹಳ ಅತ್ತಳಂತೆ, ಆಮೇಲೆ ಬೊಮ್ಮೆಯನ್ನು ಮುಖಕ್ಕೆ ಒತ್ತಿಕೊಂಡು ಮಲಗುವುದು ರೂಢಿಯಾಯಿತಂತೆ. ಒಂದು ಕೈ ಕಿತ್ತುಬಂದಿತ್ತು, ಮತ್ತೆ ಹೊಲಿದಿದ್ದಾರೆ. ಹೊಲಿಯುವಷ್ಟು ಹೊತ್ತೂ ಹುಡುಗಿ ದಾರದ ಉಂಡೆ ಹಿಡಿದು ಪಕ್ಕದಲ್ಲೇ ಕೂತಿದ್ದಳಂತೆ. “ಎಣ್ಣಿ, ಅನ್ನ, ಮಣ್ಣು ಎಲ್ಲಾ ಮೆತ್ತಿ ಕರ್ರಗಾಗೈತಿ” ಎಂದರು. ಹಾಗಾದರೆ ತೊಳೆಯಬಾರದೇ ಎಂದೆ. “ಬಿಸಲಿಗೆ ಹಾಕಿ ಜಾಡಿಸಿ ಕೊಡ್ತೀನವ್ವಾ, ಅಷ್ಟೇ,” ಎಂದರು ದೊಡ್ಡವ್ವ. “ಯುಗಾದಿಗೆ ಅವರವ್ವ ಬರ್ತಾಳ. ಆಕಿನೇ ತೊಳೀಲಿ.”