ಒಂದೇ ಮನೆಯ ಎರಡು ಸಮವಸ್ತ್ರ

ಅರಸೀಕೆರೆಯ ನಮ್ಮ ಮಕ್ತಬ್‌ಗೆ ಮಕ್ಕಳು ಫಜ್ರ್ ನಮಾಝಿನ ಬಳಿಕ ಬರುತ್ತಾರೆ. ಪಾಠ ಮುಗಿದೊಡನೆ ಶಾಲೆಗೆ ಓಡಬೇಕಾದುದರಿಂದ ಹಲವರು ಸಮವಸ್ತ್ರದಲ್ಲೇ ಇರುತ್ತಾರೆ. ಒಂದೇ ಚಾಪೆಯ ಮೇಲೆ ಸರಕಾರಿ ಉರ್ದು ಶಾಲೆಯವರು, ಸರಕಾರಿ ಕನ್ನಡ ಶಾಲೆಯವರು, ಟೈ ಕಟ್ಟಿದ ಇಂಗ್ಲಿಷ್ ಮಾಧ್ಯಮದವರು ಕುಳಿತಿರುತ್ತಾರೆ. ಅವರ ನಡುವೆ ಒಬ್ಬ ಅಕ್ಕ, ಒಬ್ಬ ತಮ್ಮ. ಅಕ್ಕ ಸರಕಾರಿ ಶಾಲೆಯಲ್ಲಿ ಆರನೆಯ ತರಗತಿ. ತಮ್ಮ ಖಾಸಗಿ ಶಾಲೆಯಲ್ಲಿ ಮೂರನೆಯ ತರಗತಿ. ತಮ್ಮನ ಓದು ತಪ್ಪಿದಾಗ ತಿದ್ದುವವಳು ಅಕ್ಕನೇ. ಒಂದು ದಿನ ಅವಳು ಕೇಳಿದಳು: “ಉಸ್ತಾದ್, ಅಬ್ಬಾ ತಮ್ಮನ ಶಾಲೆಗೆ ದುಡ್ಡು ಕಟ್ತಾರೆ. ನನ್ನ ಶಾಲೆಗೆ ಯಾಕೆ ಕಟ್ಟಲ್ಲ?”

ಸರಕಾರಿ ಶಾಲೆಗೆ ದುಡ್ಡು ಕಟ್ಟಬೇಕಾಗಿಲ್ಲ ಎಂದೆ. ಅವಳು ಕೇಳಿದ್ದು ಅದನ್ನಲ್ಲ ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಪ್ರಿಯ ಓದುಗರೇ, ಶಾಲೆ ತೆರೆಯುವ ದಿನಗಳು ಹತ್ತಿರ ಬಂದಂತೆ ನಮ್ಮ ಮನೆಗಳಲ್ಲಿ ಒಂದೇ ಚರ್ಚೆ: ಸರಕಾರಿ ಶಾಲೆಯೋ, ಖಾಸಗಿ ಶಾಲೆಯೋ? ಅರಸೀಕೆರೆಯ ತೆಂಗಿನಕಾಯಿ ವ್ಯಾಪಾರಿ, ಬೇಲೂರಿನ ಆಟೋ ಚಾಲಕ, ಹಳೇಬೀಡಿನಲ್ಲಿ ಪ್ರವಾಸಿಗರಿಗೆ ಎಳನೀರು ಮಾರುವವ, ಎಲ್ಲರೂ ಈ ಪ್ರಶ್ನೆಯನ್ನು ಹೊತ್ತು ತಿರುಗುತ್ತಾರೆ. ಪ್ರಶ್ನೆ ತಪ್ಪಲ್ಲ. ಮಕ್ಕಳು ಅಲ್ಲಾಹನು ನಮಗೆ ವಹಿಸಿದ ಅಮಾನತ್. ಆ ಅಮಾನತನ್ನು ಎಲ್ಲಿ ಒಪ್ಪಿಸಬೇಕೆಂದು ಯೋಚಿಸುವುದು ಹೆತ್ತವರ ಕರ್ತವ್ಯವೇ. ಆದರೆ ತೂಗುವ ತಕ್ಕಡಿ ಸರಿಯಿದೆಯೇ ಎಂಬುದನ್ನು ಮೊದಲು ನೋಡಬೇಕಲ್ಲವೇ?

ಎರಡೂ ತಟ್ಟೆಗಳನ್ನು ನೋಡೋಣ

ಖಾಸಗಿ ಶಾಲೆಯನ್ನು ಬಯಸುವವರೆಲ್ಲ ಆಡಂಬರಪ್ರಿಯರೆಂದು ಹೇಳುವುದು ಅನ್ಯಾಯ. ಎಷ್ಟೋ ಸರಕಾರಿ ಶಾಲೆಗಳಲ್ಲಿ ಶಿಕ್ಷಕರ ಹುದ್ದೆ ಖಾಲಿಯಿದೆ. ಅತಿಥಿ ಶಿಕ್ಷಕರಿಂದ ವರ್ಷ ಸಾಗುತ್ತದೆ. ಒಬ್ಬರೇ ಶಿಕ್ಷಕರು ನಾಲ್ಕೈದು ತರಗತಿಗಳನ್ನು ನೋಡಿಕೊಳ್ಳುವ ಶಾಲೆಗಳೂ ಇವೆ. ಇಂಗ್ಲಿಷ್ ಬಾರದೆ ಕಾಲೇಜಿನಲ್ಲಿ ತಲೆತಗ್ಗಿಸಿ ಕುಳಿತ ತಂದೆ, ತನ್ನ ಮಗನಿಗೆ ಆ ಗತಿ ಬಾರದಿರಲಿ ಎಂದು ಆಶಿಸಿದರೆ ಅದು ಪ್ರೀತಿಯೇ ಹೊರತು ಅಹಂಕಾರವಲ್ಲ.

ಇನ್ನೊಂದು ತಟ್ಟೆಯಲ್ಲಿಯೂ ತೂಕವಿದೆ. ಸರಕಾರಿ ಶಾಲೆಯ ಖಾಯಂ ಶಿಕ್ಷಕರು ತರಬೇತಿ ಪಡೆದು, ಪರೀಕ್ಷೆ ಎದುರಿಸಿ ಬಂದವರು. ಪಠ್ಯಪುಸ್ತಕ, ಸಮವಸ್ತ್ರ, ಬಿಸಿಯೂಟ ಉಚಿತ. 2007ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಿದೆ. 2019ರಲ್ಲಿ ರಾಜ್ಯದ ಸುಮಾರು 1000 ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳೂ ಆರಂಭವಾದವು. ಅದೇ 2019ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ನಮ್ಮ ಹಾಸನ ಜಿಲ್ಲೆ ಶೇ. 89.33 ಫಲಿತಾಂಶದೊಂದಿಗೆ ರಾಜ್ಯಕ್ಕೇ ಮೊದಲನೆಯದಾಯಿತು. ಆ ಎಣಿಕೆಯಲ್ಲಿ ನಮ್ಮ ಊರುಗಳ ಸರಕಾರಿ ಶಾಲೆಯ ಮಕ್ಕಳೂ ಇದ್ದರು.

ಖಾಸಗಿ ಶಾಲೆಯ ಬೆಲೆ ಶುಲ್ಕವೊಂದೇ ಅಲ್ಲ. ಹಳೇಬೀಡಿನ ನನ್ನ ಬಂಧುವೊಬ್ಬರ ಮಗು ದೂರದ ಶಾಲೆಯ ವ್ಯಾನಿಗಾಗಿ ಬೆಳಿಗ್ಗೆ ಏಳೂವರೆಗೇ ರಸ್ತೆಯಲ್ಲಿ ನಿಲ್ಲುತ್ತದೆ. ಮಕ್ತಬ್ ತಪ್ಪಿತು, ಸಂಜೆ ಮನೆ ಸೇರುವಾಗ ನಿದ್ದೆ ತೂಗುತ್ತದೆ. ಬೇಲೂರಿನ ಒಬ್ಬ ತಂದೆಗೆ ಶಿಕ್ಷಣ ಹಕ್ಕು ಕಾಯಿದೆಯಡಿ ಖಾಸಗಿ ಶಾಲೆಯಲ್ಲಿ ಉಚಿತ ಸೀಟು ಸಿಕ್ಕಿತ್ತು. ಎಂಟನೆಯ ತರಗತಿಗೆ ಆ ಉಚಿತ ಮುಗಿಯುತ್ತದೆಂದು ಅವರು ಯೋಚಿಸಿರಲಿಲ್ಲ. ಒಂಬತ್ತನೆಯ ತರಗತಿಯ ಪೂರ್ತಿ ಶುಲ್ಕಕ್ಕಾಗಿ ಬಡ್ಡಿಗೆ ಸಾಲ ತಂದರು. ವಿದ್ಯೆಗಾಗಿ ತಾನೇ ಎಂದರು. ಸಹೋದರರೇ, ವಿದ್ಯೆ ಕಡ್ಡಾಯ. ಇಂಥದೇ ಶಾಲೆಯ ವಿದ್ಯೆ ಕಡ್ಡಾಯವಲ್ಲ. ಕಾಲ್ನಡಿಗೆಯ ದೂರದಲ್ಲಿ ಉಚಿತ ಶಾಲೆಯಿರುವಾಗ ನಿಷಿದ್ಧವಾದ ಬಡ್ಡಿಯನ್ನು ಅನಿವಾರ್ಯವೆಂದು ಹೇಗೆ ಕರೆಯೋಣ?

ಮನೆಯೊಳಗಿನ ನ್ಯಾಯ

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ಅವಳ ತಂದೆ ಒಳ್ಳೆಯ ಮನುಷ್ಯ, ಜಮಾಅತ್ ತಪ್ಪಿಸದವರು. ಒಮ್ಮೆ ಮಾತು ಬಂದಾಗ ಅವರೆಂದರು: “ಗಂಡುಮಗ ನಾಳೆ ಮನೆ ನಡೆಸಬೇಕು. ಹೆಣ್ಣುಮಗಳು ಮದುವೆಯಾಗಿ ಹೋಗುವವಳು. ಇಬ್ಬರಿಗೂ ಕಟ್ಟುವಷ್ಟು ನನ್ನಲ್ಲಿಲ್ಲ.” ಕೊನೆಯ ಮಾತು ಸತ್ಯ. ಮೊದಲಿನ ಮಾತುಗಳು ನಮ್ಮಲ್ಲಿ ಅದೆಷ್ಟು ಮನೆಗಳ ಮಾತು!

ಹಝ್ರತ್ ನುಅಮಾನ್ ಬಿನ್ ಬಶೀರ್(ರ)ರ ಘಟನೆ ನಿಮಗೆ ನೆನಪಿರಬಹುದು. ಅವರ ತಂದೆ ಅವರಿಗೊಂದು ಕೊಡುಗೆ ಕೊಟ್ಟರು. ಅದಕ್ಕೆ ಪ್ರವಾದಿ(ಸ)ರು ಸಾಕ್ಷಿಯಾಗಬೇಕೆಂದು ತಾಯಿ ಬಯಸಿದರು. ತಂದೆ ಹೋದಾಗ ಪ್ರವಾದಿ(ಸ)ರು ಕೇಳಿದ್ದು ಕೊಡುಗೆ ಎಷ್ಟರದೆಂದು ಅಲ್ಲ; ಉಳಿದ ಮಕ್ಕಳಿಗೂ ಹೀಗೆಯೇ ಕೊಟ್ಟಿರುವಿರಾ ಎಂದು. ಇಲ್ಲವೆಂದಾಗ ಅನ್ಯಾಯಕ್ಕೆ ಸಾಕ್ಷಿಯಾಗಲು ನಿರಾಕರಿಸಿದರು. ಅಲ್ಲಾಹನನ್ನು ಭಯಪಟ್ಟು ಮಕ್ಕಳ ನಡುವೆ ನ್ಯಾಯ ಪಾಲಿಸಲು ಆಜ್ಞಾಪಿಸಿದರು. ತಂದೆ ಮನೆಗೆ ಬಂದು ಕೊಡುಗೆಯನ್ನು ಹಿಂಪಡೆದರು.

ಅಗತ್ಯಕ್ಕೆ ತಕ್ಕಂತೆ ಖರ್ಚು ಹೆಚ್ಚುಕಡಿಮೆಯಾಗುವುದು ಬೇರೆ ವಿಷಯ. ಒಂದು ಮಗುವಿನ ಕಾಯಿಲೆಗೆ ಹೆಚ್ಚು ಹಣ ಹೋದರೆ ಅದು ತಾರತಮ್ಯವಲ್ಲ. ಕಲಿಕೆಯಲ್ಲಿ ಹಿಂದುಳಿದ ಮಗುವಿಗೆ ಹೆಚ್ಚಿನ ನೆರವು ಕೊಟ್ಟರೂ ಅಲ್ಲ. ಆದರೆ ಗಂಡಾಗಿ ಹುಟ್ಟಿರುವುದು ಒಂದು ಅಗತ್ಯವೇ? ಇಬ್ಬರಿಗೂ ಕಟ್ಟಲು ಸಾಧ್ಯವಿಲ್ಲವಾದರೆ ಇಬ್ಬರನ್ನೂ ಸರಕಾರಿ ಶಾಲೆಗೆ ಕಳುಹಿಸಿ, ಉಳಿದ ಹಣದಲ್ಲಿ ಇಬ್ಬರಿಗೂ ಪುಸ್ತಕ ತಂದು, ಸಂಜೆ ಒಂದು ಗಂಟೆ ಜೊತೆಯಲ್ಲಿ ಕುಳಿತುಕೊಳ್ಳಬಾರದೇಕೆ? ಅಕ್ಕ ಸರಕಾರಿ ಶಾಲೆಯಲ್ಲಿ ಓದುವುದರಿಂದ ಅವಳಿಗೆ ನೋವಾಗಿಲ್ಲ. ಒಂದೇ ಮನೆಯಲ್ಲಿ ಎರಡು ಬೆಲೆ ಕಟ್ಟಿದ್ದರಿಂದ ಆಗಿದೆ.

ಉಪದೇಶಿಸುವ ನಾನೂ ಈ ತಕ್ಕಡಿ ಹಿಡಿದವನೇ. ಸರಕಾರಿ ಉರ್ದು ಶಾಲೆಯಲ್ಲಿ ಅಕ್ಷರ ಕಲಿತು, ಮದ್ರಸದಲ್ಲಿ ಬೆಳೆದು, ಆಮೇಲೆ ಕನ್ನಡದಲ್ಲಿ ಬಿ.ಎ. ಮಾಡಿದವನು ನಾನು. ಆದರೂ ನನ್ನ ಹಿರಿಯ ಮಗನನ್ನು ಖಾಸಗಿ ಶಾಲೆಗೆ ಸೇರಿಸಿದಾಗ ಮನಸ್ಸಿನಲ್ಲಿದ್ದುದು ಅವನ ಕಲಿಕೆಯಲ್ಲ. ಬಂಧುಗಳ ಮುಂದೆ ಹೇಳಿಕೊಳ್ಳಬಹುದಾದ ಒಂದು ಹೆಸರು. ಎರಡು ವರ್ಷ ಕಳೆದ ಮೇಲೆ ಅದನ್ನು ನನಗೆ ನಾನೇ ಒಪ್ಪಿಕೊಂಡೆ. ಅವನೀಗ ತಂಗಿಯ ಜೊತೆ ಸರಕಾರಿ ಶಾಲೆಗೆ ನಡೆದುಹೋಗುತ್ತಾನೆ.

ಬಿಟ್ಟುಬಂದ ಶಾಲೆಯ ಹೊಣೆ

ಇನ್ನೊಂದು ಮಾತು. ಅನುಕೂಲಸ್ಥರು ಒಬ್ಬೊಬ್ಬರಾಗಿ ಸರಕಾರಿ ಶಾಲೆ ಬಿಟ್ಟಾಗ ಅಲ್ಲಿ ಉಳಿಯುವವರು ಯಾರು? ಕೂಲಿಯವರ, ವಿಧವೆಯರ, ಅನಾಥರ ಮಕ್ಕಳು. ಬಾಗಿಲು ಮುರಿದರೆ ಕೇಳುವವರಿಲ್ಲ, ಶಿಕ್ಷಕರು ಬಾರದಿದ್ದರೆ ಅರ್ಜಿ ಬರೆಯುವವರಿಲ್ಲ. ಸೂರಾ ಅಬಸದ ಹಿನ್ನೆಲೆ ನೋಡಿ. ಕುರೈಶ್ ಪ್ರಮುಖರೊಂದಿಗೆ ಮಾತು ನಡೆದಿದ್ದಾಗ ಕಲಿಯಲೆಂದು ಬಂದ ಅಂಧರಾದ ಇಬ್ನ್ ಉಮ್ಮಿ ಮಕ್ತೂಮ್(ರ)ರ ಕಡೆಗೆ ಗಮನ ಕಡಿಮೆಯಾದುದನ್ನು ಅಲ್ಲಾಹನು ಎಚ್ಚರಿಸಿದನು. ಕಲಿಯುವ ಹಂಬಲವಿರುವ ಬಡವನಿಂದ ಮುಖ ತಿರುಗಿಸುವುದು ಅಷ್ಟು ಗಂಭೀರ ವಿಷಯ.

ನಿಮ್ಮ ಮಗುವನ್ನು ಎಲ್ಲಿಗೆ ಕಳುಹಿಸಿದರೂ ಈ ಹೊಣೆಯಿಂದ ಬಿಡುಗಡೆಯಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಸರಕಾರಿ ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಹೆತ್ತವರೇ ಇರಬೇಕು. ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ನಮ್ಮಲ್ಲಿ ಅದನ್ನು ಎಸ್‌ಡಿಎಂಸಿ ಎನ್ನುತ್ತಾರೆ. ಶುಲ್ಕ ಕಟ್ಟುವ ಶಾಲೆಯಲ್ಲಿ ನಿಮಗಿಲ್ಲದ ಅಧಿಕಾರ ಶುಲ್ಕವಿಲ್ಲದ ಶಾಲೆಯಲ್ಲಿದೆ. ಸಭೆಗೆ ಹೋಗುವವರೆಷ್ಟು ಮಂದಿ? ಓದುಬರಹ ಬಲ್ಲ ಸಹೋದರಿಯರೇ, ಮುಂದಿನ ಸಭೆಗೆ ಹೋಗಿ ಕುಳಿತುಕೊಳ್ಳಿ. ಮಕ್ಕಳು ಖಾಸಗಿ ಶಾಲೆಯಲ್ಲಿರುವವರು ವಾರಕ್ಕೊಂದು ಸಂಜೆ ನೆರೆಮನೆಯ ಮಗುವಿಗೆ ಲೆಕ್ಕ ಹೇಳಿಕೊಡಲಿ.

ಆದುದರಿಂದ ಈ ವರ್ಷ ಅರ್ಜಿ ತುಂಬುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ಹಣ ಹಲಾಲ್ ದಾರಿಯದೇ? ಇದು ನನ್ನ ಎಲ್ಲ ಮಕ್ಕಳ ನಡುವೆ ನ್ಯಾಯವೇ? ನಾನು ಬಿಟ್ಟುಬಂದ ಶಾಲೆಯ ಮಕ್ಕಳಿಗೆ ನನ್ನಿಂದೇನು? ಮೂರಕ್ಕೂ ಉತ್ತರ ಸಿಕ್ಕರೆ ಯಾವ ಶಾಲೆಯಾದರೂ ಸರಿ.

ಆ ಹುಡುಗಿ ಈಗಲೂ ಬೆಳಿಗ್ಗೆ ಬರುತ್ತಾಳೆ, ತಮ್ಮನ ತಪ್ಪು ತಿದ್ದುತ್ತಾಳೆ. ಅವಳ ಪ್ರಶ್ನೆಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ. ಕೊಡಬೇಕಾದವರು ಅವಳ ಅಬ್ಬಾ. ಅಂಥ ಪ್ರಶ್ನೆ ಪರಲೋಕದವರೆಗೆ ಉಳಿಯದಂತೆ ಇಲ್ಲಿಯೇ ಉತ್ತರಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲ ಅನುಗ್ರಹಿಸಲಿ.